ಅಪ್ಪನಿಗೆ ಇಮ್ಯುನೊಥೆರಪಿ ನಡೀತಿದೆ. ಅನ್ನ, ಸಕ್ಕರೆ ಬಿಡಿಸಿದರೆ ಉಪವಾಸ ಬೀಳೋದು ಗಡ್ಡೆಯೋ, ಟಿ ಕೋಶವೋ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಹೊಸನಗರದ ಕಡೆಯವರು, ಅಡಿಕೆ ತೋಟ ನೋಡಿಕೊಂಡಿದ್ದವರು. ಎಡಗೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಆಪರೇಷನ್, ರೇಡಿಯೇಷನ್ ಎರಡೂ ಆಯಿತು. ಈಗ ಕುತ್ತಿಗೆಯ ಗಂಟಿನಲ್ಲಿ ಮತ್ತೆ ಕಾಣಿಸಿಕೊಂಡಿದೆ. ಮೂರು ವಾರಕ್ಕೊಮ್ಮೆ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಇಂಜೆಕ್ಷನ್ 20 ಮಿಲಿಗ್ರಾಂ ಕೊಡುತ್ತಿದ್ದಾರೆ. ಜೊತೆಗೆ ಮನೆಯಲ್ಲಿ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ದಿನಾ ಸೆಲೆಕಾಕ್ಸಿಬ್ ಮತ್ತು ಎರ್ಲೊಟಿನಿಬ್ ಮಾತ್ರೆ.

ಕಷ್ಟ ಬಂದಿರುವುದು ಊಟದ ವಿಚಾರದಲ್ಲಿ. ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ತೋರಿಸಿ, ಕ್ಯಾನ್ಸರ್ ಬದುಕೋದೇ ಸಕ್ಕರೆಯಿಂದ, ಅದನ್ನು ನಿಲ್ಲಿಸಿದರೆ ಗಡ್ಡೆ ತಾನಾಗಿ ಒಣಗುತ್ತೆ ಎಂದು ಮನೆಯವರನ್ನೆಲ್ಲ ಒಪ್ಪಿಸಿಬಿಟ್ಟಿದ್ದಾರೆ. ಅನ್ನ, ಬೆಲ್ಲ, ಬಾಳೆಹಣ್ಣು, ಹಾಲು ಎಲ್ಲ ಬಂದ್. ಸೊಪ್ಪಿನ ರಸ, ನೆನೆಸಿದ ಕಾಳಿನ ನೀರು ಅಷ್ಟೇ. ಬಾಯಿ ಪೂರ್ತಿ ತೆರೆಯೋಕಾಗಲ್ಲ, ಹುಣ್ಣು ಬೇರೆ. ತೂಕ 58ರಿಂದ 52 ಕೆಜಿಗೆ ಬಂದಿದೆ. ಅಪ್ಪ ಕುಚ್ಚಲಕ್ಕಿ ಗಂಜಿ ಕೇಳುತ್ತಾರೆ, ಅಮ್ಮ ಕೊಡಲು ಹೆದರುತ್ತಾರೆ.

ನನಗೆ ಗೊತ್ತಾಗಬೇಕಾದ್ದು ಇದು. ಪೆಟ್ ಸ್ಕ್ಯಾನ್‌ನಲ್ಲಿ ಸಕ್ಕರೆಯಂಥದ್ದನ್ನೇ ಚುಚ್ಚಿ ಗಡ್ಡೆ ಹೊಳೆಯುವುದನ್ನು ನೋಡುತ್ತಾರೆ ಅಂದಮೇಲೆ ಚಿಕ್ಕಪ್ಪ ಹೇಳುವುದರಲ್ಲಿ ಹುರುಳಿದೆ ಅಲ್ಲವೇ? ಆದರೆ ಈ ಇಂಜೆಕ್ಷನ್ ಕೆಲಸ ಮಾಡುವುದು ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳ ಮೂಲಕ ಅಂತಾರೆ. ಅವಕ್ಕೂ ಗ್ಲೂಕೋಸ್ ಬೇಕು ಅಂತ ಎಲ್ಲೋ ಓದಿದೆ. ಹಾಗಾದರೆ ನಾವು ಯಾರನ್ನು ಉಪವಾಸ ಕೆಡವುತ್ತಿದ್ದೇವೆ? ಗ್ಲುಟಮಿನ್ ಪುಡಿ ತಂದುಕೊಡಿ, ಇಮ್ಯುನಿಟಿ ಹೆಚ್ಚುತ್ತೆ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ, ಅದೂ ಸರಿಯಾ? ಆಸ್ಪತ್ರೆಯಲ್ಲಿ ಕೇಳಿದರೆ "ಎಲ್ಲಾ ತಿನ್ನಬಹುದು" ಎಂಬ ಒಂದೇ ಮಾತು. ಕಾರಣ ಗೊತ್ತಾದರೆ ಮನೆಯಲ್ಲಿ ವಾದ ಮಾಡಬಹುದು.

---

ಟಿಕೋಶದ ಬೆನ್ನುಹತ್ತಿ

ನಾನು ಧಾರವಾಡದಲ್ಲಿ ಬಯೋಕೆಮಿಸ್ಟ್ರಿ ಓದಿ, ಈಗ ಹೊರದೇಶದ ಒಂದು ಲ್ಯಾಬ್‌ನಲ್ಲಿ ಟಿ ಕೋಶಗಳು ಏನು ತಿಂದರೆ ಹೇಗೆ ವರ್ತಿಸುತ್ತವೆ ಎಂಬುದನ್ನೇ ಕೆಲಸವಾಗಿ ಮಾಡಿಕೊಂಡಿರುವವಳು. ಡಾಕ್ಟರ್ ಅಲ್ಲ, ಹಾಗಾಗಿ ಔಷಧಿಯ ಬಗ್ಗೆ ಹೇಳುವುದಿಲ್ಲ. ಆದರೆ ನಿಮ್ಮ ಪ್ರಶ್ನೆ ನನ್ನ ದಿನನಿತ್ಯದ ಪ್ರಶ್ನೆಯೇ. ಓದಿ ತುಂಬ ಸಂಕಟವಾಯಿತು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಮೊದಲು ನೇರ ಮಾತು: ಅಪ್ಪನಿಗೆ ಗಂಜಿ ಕೊಡಿ. ಇವತ್ತೇ ಕೊಡಿ. ಡಯಾಬಿಟಿಸ್ ಇಲ್ಲದಿದ್ದರೆ ಬೆಲ್ಲ ಕೇಳಿದರೂ ಕೊಡಿ. ಆರು ಕೆಜಿ ಇಳಿದಿದೆಯೆಂದರೆ ಹತ್ತರಲ್ಲಿ ಒಂದು ಪಾಲು ದೇಹ ಹೋಗಿದೆ.

ಈಗ ಕಾರಣ. ನಮ್ಮ ಐದು ಲೀಟರ್ ರಕ್ತದಲ್ಲಿ ಒಂದು ಸಮಯಕ್ಕೆ ಕರಗಿರುವ ಗ್ಲೂಕೋಸ್ ಸುಮಾರು 5 ಗ್ರಾಂ, ಒಂದು ಟೀ ಚಮಚದಷ್ಟು. ಮಿದುಳೊಂದೇ ದಿನಕ್ಕೆ 100 ಗ್ರಾಂಗೂ ಹೆಚ್ಚು ಸುಡುತ್ತದೆ. ಆ ಒಂದು ಚಮಚ ಖಾಲಿಯಾಗಲು ದೇಹ ಬಿಡುವುದಿಲ್ಲ. ತಿನ್ನದಿದ್ದರೆ ಲಿವರ್ ತನ್ನಲ್ಲಿ ಕೂಡಿಟ್ಟ ಗ್ಲೈಕೋಜನ್ ಒಡೆಯುತ್ತದೆ. ಅದು ಹೆಚ್ಚುಕಡಿಮೆ ಒಂದು ದಿನಕ್ಕೆ ಮುಗಿಯುತ್ತದೆ. ಆಮೇಲೆ ಸ್ನಾಯು ಕರಗಿಸಿ, ಅದರಿಂದ ಬಂದ ಅಲನಿನ್, ಗ್ಲುಟಮಿನ್‌ನಂಥ ಅಮೈನೋ ಆಮ್ಲಗಳಿಂದ (ಪ್ರೋಟೀನಿನ ಬಿಡಿಭಾಗಗಳು ಇವು) ಲಿವರ್ ಮತ್ತು ಕಿಡ್ನಿ ಹೊಸ ಗ್ಲೂಕೋಸ್ ತಯಾರಿಸುತ್ತವೆ. ಕುತ್ತಿಗೆಯ ಗಂಟಿಗೆ ಹರಿಯುವ ರಕ್ತದಲ್ಲಿ ಗ್ಲೂಕೋಸ್ ಇದ್ದೇ ಇರುತ್ತದೆ. ಕರಗುತ್ತಿರುವುದು ಅಪ್ಪನ ತೊಡೆ, ತೋಳು.

ಚಿಕ್ಕಪ್ಪನ ಮಾತಿಗೆ ಬೇರು ಇಲ್ಲವೆಂದಲ್ಲ. ಬರ್ಲಿನ್‌ನಲ್ಲಿ ವಿಜ್ಞಾನಿ ಆಟೋ ವಾರ್ಬರ್ಗ್ 1920ರ ದಶಕದಲ್ಲೇ ಗಡ್ಡೆಯ ತೆಳು ಚೂರುಗಳು ಆಮ್ಲಜನಕ ಬೇಕಾದಷ್ಟಿದ್ದರೂ ಗ್ಲೂಕೋಸನ್ನು ರಾಶಿ ರಾಶಿ ಎಳೆದುಕೊಂಡು ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲ) ಆಗಿ ಹೊರಹಾಕುವುದನ್ನು ಅಳೆದಿದ್ದರು. ವಿಡಿಯೋ ಮಾಡಿದವರು ಅಲ್ಲಿಗೇ ನಿಂತಿದ್ದಾರೆ. ಕೆರಳಿದ ಟಿ ಕೋಶ ಕೂಡ ಥೇಟ್ ಅದನ್ನೇ ಮಾಡುತ್ತದೆ ಎಂಬ ಅರ್ಧ ಅದರಲ್ಲಿ ಇಲ್ಲ.

ಇದನ್ನು ನಾನು ಕಣ್ಣಾರೆ ನೋಡುತ್ತಿರುತ್ತೇನೆ. ಟಿ ಕೋಶಗಳನ್ನು ಬೆಳೆಸುವ ದ್ರವದಲ್ಲಿ ಫೀನಾಲ್ ರೆಡ್ ಎಂಬ ಬಣ್ಣ ಇರುತ್ತದೆ. ಆಮ್ಲ ಹೆಚ್ಚಾದರೆ ಅದು ಹಳದಿಗೆ ತಿರುಗುತ್ತದೆ. ಸುಮ್ಮನಿರುವ ಟಿ ಕೋಶಗಳನ್ನು ಇಟ್ಟರೆ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಅವು ಸ್ವಲ್ಪ ಉಂಡು, ಕೋಶದ ಒಲೆಯಂತಿರುವ ಮೈಟೊಕಾಂಡ್ರಿಯಾದಲ್ಲಿ ನಿಧಾನ ಸುಟ್ಟುಕೊಂಡು ಇರುತ್ತವೆ. ಅದೇ ಕೋಶಗಳನ್ನು ಸಿಡಿ3, ಸಿಡಿ28 ಎಂಬ ಎರಡು ಗುಂಡಿ ಒತ್ತಿ ಎಬ್ಬಿಸಿದರೆ ಗಾತ್ರ ಉಬ್ಬುತ್ತದೆ, ಗ್ಲೂಕೋಸ್ ಒಳಗೆಳೆಯುವ ಗ್ಲುಟ್1 ಬಾಗಿಲುಗಳು ಮೈತುಂಬ ಬರುತ್ತವೆ, ಒಂದು ಇದ್ದದ್ದು ಎರಡು, ಎರಡು ಇದ್ದದ್ದು ನಾಲ್ಕಾಗಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಒಡೆಯತೊಡಗುತ್ತವೆ. ಬೇಗ ದ್ರವ ಬದಲಿಸದಿದ್ದರೆ ಪ್ಲೇಟ್ ಹಳದಿ. ಒಂದು ಟಿ ಕೋಶ ಸಾವಿರಾರು ಆಗಬೇಕಾದರೆ ಹೊಸ ಡಿಎನ್‌ಎ, ಹೊಸ ಪೊರೆ, ಹೊಸ ಪ್ರೋಟೀನು ಕಟ್ಟಬೇಕು. ಕಟ್ಟಲು ಸಾಮಗ್ರಿ ಬೇಕು.

ಸಾಮಗ್ರಿಗೆ ಮಾತ್ರವಲ್ಲ, ಆಯುಧಕ್ಕೂ ಇದು ಬೇಕು. 2013ರಲ್ಲಿ ವಿಜ್ಞಾನಿ ಎರಿಕಾ ಪಿಯರ್ಸ್ ಅವರ ತಂಡ ತೋರಿಸಿದ್ದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ಗ್ಲೂಕೋಸ್ ಒಡೆಯುವ ಕೆಲಸದಲ್ಲಿ ಜಿಎಪಿಡಿಎಚ್ ಎಂಬ ಕಿಣ್ವ ಇದೆ. ಗ್ಲೂಕೋಸ್ ಕಡಿಮೆಯಾಗಿ ಆ ಕಿಣ್ವಕ್ಕೆ ಕೆಲಸ ತಪ್ಪಿದಾಗ ಅದು ಹೋಗಿ ಟಿ ಕೋಶದ ಆಯುಧಗಳಲ್ಲೊಂದಾದ ಇಂಟರ್‌ಫೆರಾನ್ ಗಾಮಾ ಪ್ರೋಟೀನನ್ನು ತಯಾರಿಸಲು ಆದೇಶ ಒಯ್ಯುವ ಆರ್‌ಎನ್‌ಎಯನ್ನು ಹಿಡಿದು ಕೂರುತ್ತದೆ. ಆದೇಶ ಬಂದಿರುತ್ತದೆ, ಪ್ರೋಟೀನು ಹೊರಬರುವುದಿಲ್ಲ. ಟಿ ಕೋಶ ಬದುಕಿರುತ್ತದೆ, ಗಡ್ಡೆಯ ಪಕ್ಕದಲ್ಲೇ ಇರುತ್ತದೆ, ಹೊಡೆಯಲು ಆಗುವುದಿಲ್ಲ.

ನಿಮ್ಮ ಅಪ್ಪನ ಇಂಜೆಕ್ಷನ್ ತಡೆಯುವುದು ಪಿಡಿ-1 ಎಂಬ ಬ್ರೇಕನ್ನು. ಆ ಬ್ರೇಕ್ ಬಿದ್ದಾಗ ನಡೆಯುವುದರಲ್ಲಿ ಒಂದು, ಟಿ ಕೋಶದ ಗ್ಲೂಕೋಸ್ ಬಳಕೆ ಕುಗ್ಗುವುದು. ಬ್ರೇಕ್ ಬಿಡಿಸಿದ ಮೇಲೆ ಅದು ಮತ್ತೆ ಎದ್ದು ಉಣ್ಣಬೇಕು. ಅಂಥ ಹೊತ್ತಿನಲ್ಲಿ ಇಡೀ ದೇಹವನ್ನು ಕ್ಷಾಮಕ್ಕೆ ತಳ್ಳುವುದು ಔಷಧಿಯ ಕೆಲಸಕ್ಕೇ ಅಡ್ಡ ನಿಂತಂತೆ.

ಪೆಟ್ ಸ್ಕ್ಯಾನ್ ವಿಚಾರ. ಅದರಲ್ಲಿ ಚುಚ್ಚುವುದು ಎಫ್‌ಡಿಜಿ. ಗ್ಲೂಕೋಸಿನಂತೆಯೇ ಕೋಶದೊಳಗೆ ಹೋಗುತ್ತದೆ, ಮುಂದೆ ಜೀರ್ಣವಾಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೆ ಹೊಳೆಯುವ ಚುಕ್ಕೆಯಲ್ಲಿ ಯಾವ ಕೋಶ ಎಷ್ಟು ತೆಗೆದುಕೊಂಡಿತು ಎಂದು ಕ್ಯಾಮೆರಾಗೆ ತಿಳಿಯದು. ಟಿಬಿ ಗಂಟೂ ಹೊಳೆಯುತ್ತದೆ, ಅಲ್ಲಿ ಕ್ಯಾನ್ಸರ್ ಇರುವುದಿಲ್ಲ, ರೋಗನಿರೋಧಕ ಕೋಶಗಳೇ ಇರುವುದು. 2021ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೆಫ್ರಿ ರಾಥ್‌ಮೆಲ್, ಕಿಮ್ರಿನ್ ರಾಥ್‌ಮೆಲ್ ಅವರ ತಂಡ ಇಲಿಗಳಿಗೆ ಎಫ್‌ಡಿಜಿ ಕೊಟ್ಟು, ಗಡ್ಡೆಯನ್ನು ಬಿಡಿಸಿ, ಕೋಶಗಳನ್ನು ಜಾತಿವಾರು ಬೇರೆ ಮಾಡಿ ಅಳೆಯಿತು. ಒಂದೊಂದು ಕೋಶಕ್ಕೆ ಲೆಕ್ಕ ಹಾಕಿದರೆ ಗ್ಲೂಕೋಸನ್ನು ಅತಿ ಹೆಚ್ಚು ತೆಗೆದುಕೊಂಡಿದ್ದು ಮ್ಯಾಕ್ರೊಫೇಜ್ ಮುಂತಾದ ಮೈಲಾಯ್ಡ್ ಕೋಶಗಳು, ಅವೂ ರೋಗನಿರೋಧಕ ಕೋಶಗಳೇ. ಕ್ಯಾನ್ಸರ್ ಕೋಶಗಳು ಮೊದಲ ಸ್ಥಾನದಲ್ಲಿದ್ದದ್ದು ಗ್ಲುಟಮಿನ್ ವಿಚಾರದಲ್ಲಿ.

ಅದರಿಂದ ಪುಡಿಯ ಪ್ರಶ್ನೆಗೆ ಬರುತ್ತೇನೆ. ರಕ್ತದಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಅಮೈನೋ ಆಮ್ಲವೇ ಗ್ಲುಟಮಿನ್, ದೇಹ ತಾನೇ ತಯಾರಿಸುತ್ತದೆ. ಅದು ಟಿ ಕೋಶಕ್ಕೂ ಬೇಕು, ಗಡ್ಡೆಗೂ ಬೇಕು. 2019ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೊನಾಥನ್ ಪೊವೆಲ್ ತಂಡ ಇಲಿಗಳಲ್ಲಿ ಗ್ಲುಟಮಿನ್ ಬಳಕೆಯನ್ನು ಔಷಧಿಯಿಂದ ತಡೆದಾಗ ಗಡ್ಡೆ ಸೊರಗಿತು, ಟಿ ಕೋಶಗಳು ಬೇರೆ ದಾರಿ ಹಿಡಿದು ಇನ್ನಷ್ಟು ಗಟ್ಟಿಯಾದವು. ಇದು ಇಲಿಯ ಮಾತು, ಇದನ್ನು ನೋಡಿ ಮನುಷ್ಯರಿಗೆ ಗ್ಲುಟಮಿನ್ ಕೆಟ್ಟದ್ದು ಎನ್ನಲಾಗದು. ಆದರೆ ಡಬ್ಬದ ಮೇಲಿರುವ "ಇಮ್ಯುನಿಟಿ ಹೆಚ್ಚುತ್ತೆ" ಎಂಬ ಮಾತನ್ನು ನಂಬಿ ಕ್ಯಾನ್ಸರ್ ಇರುವವರಿಗೆ ಸುರಿಯುವಂಥದ್ದಲ್ಲ. ಆ ದುಡ್ಡಿಗೆ ಮೊಟ್ಟೆ ತನ್ನಿ. ಬಾಯಿಹುಣ್ಣಿಗೆಂದು ಯಾರಾದರೂ ಹೇಳಿದ್ದರೆ, ನೋಡುತ್ತಿರುವ ಅಂಕಾಲಜಿಸ್ಟ್ ಒಪ್ಪಿದ ಮೇಲೆ ಮಾತ್ರ.

---

ಜೀವರಸಾಯನ ಎಂಎಸ್ಸಿ

ಅಕ್ಕ, ತುಂಗಾತೀರ ಅವರ ಪ್ರಶ್ನೆಯ ನಡುವೆ ನನ್ನದೊಂದು. ಕ್ಷಮೆ ಇರಲಿ. ನಮಗೆ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು 2015ರ ಎರಡು ಪೇಪರ್. ಗಡ್ಡೆ ಗ್ಲೂಕೋಸನ್ನೆಲ್ಲ ಕಬಳಿಸಿ ಟಿ ಕೋಶಕ್ಕೆ ಏನೂ ಉಳಿಸುವುದಿಲ್ಲ ಅಂತ. ನೀವು ಹೇಳಿದ 2021ರದ್ದು ಅದನ್ನು ತಪ್ಪೆಂದು ತೋರಿಸಿತೇ? ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು?

---

ಟಿಕೋಶದ ಬೆನ್ನುಹತ್ತಿ

ಎರಡನ್ನೂ ಬರೆಯಿರಿ, ಎರಡೂ ಅಳತೆ ಮಾಡಿದವರ ಮಾತೇ.

2015ರದ್ದು ಒಂದು ಪಿಯರ್ಸ್ ತಂಡದ್ದು, ಇನ್ನೊಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಸೂಸನ್ ಕೇಕ್ ತಂಡದ್ದು. ಒಂದೇ ತಟ್ಟೆಗೆ ಇಬ್ಬರು ಕೈ ಹಾಕಿದಂಥ ಚಿತ್ರ ಅದು. ಪಿಯರ್ಸ್ ತಂಡ ಮಾಡಿದ ಪ್ರಯೋಗ ಗಮನಿಸಿ: ಟಿ ಕೋಶಗಳು ಸುಲಭವಾಗಿ ಗುರುತಿಸಿ ಅಳಿಸಿಹಾಕುತ್ತಿದ್ದ ಗಡ್ಡೆಯ ಗ್ಲೂಕೋಸ್ ಬಳಕೆಯನ್ನು ಮಾತ್ರ ಹೆಚ್ಚಿಸಿದರು. ಗುರುತು ಹಾಗೇ ಇತ್ತು, ಆದರೂ ಆ ಗಡ್ಡೆ ಟಿ ಕೋಶಗಳಿಂದ ತಪ್ಪಿಸಿಕೊಂಡು ಬೆಳೆಯಿತು. ಕೇಕ್ ತಂಡ ಇನ್ನೊಂದು ಎಳೆ ಹಿಡಿಯಿತು. ಗ್ಲೂಕೋಸ್ ಒಡೆಯುವಾಗ ಹುಟ್ಟುವ ಪಿಇಪಿ ಎಂಬ ಅಣು ಕಡಿಮೆಯಾದರೆ ಟಿ ಕೋಶದೊಳಗಿನ ಕ್ಯಾಲ್ಸಿಯಂ ಸಂಕೇತ ಕುಸಿಯುತ್ತದೆ, ಶತ್ರುವನ್ನು ಮುಟ್ಟಿದರೂ "ಹೊಡೆ" ಎಂಬ ಸಂದೇಶ ಪೂರ್ತಿ ತಲುಪುವುದಿಲ್ಲ.

2021ರವರು ಕೇಳಿದ್ದು ಬೇರೆ: ಗಡ್ಡೆಯೊಳಗಿನ ದ್ರವದಲ್ಲಿ ಗ್ಲೂಕೋಸ್ ನಿಜಕ್ಕೂ ಮುಗಿದಿದೆಯೇ? ಅವರು ನೋಡಿದ ಗಡ್ಡೆಗಳಲ್ಲಿ ಮುಗಿದಿರಲಿಲ್ಲ. ಗ್ಲುಟಮಿನ್ ಬಳಕೆ ತಡೆದರೆ ಎಲ್ಲ ಬಗೆಯ ಕೋಶಗಳೂ ಗ್ಲೂಕೋಸ್ ಹೆಚ್ಚು ಎಳೆದುಕೊಂಡವು. ಇದ್ದದ್ದರಿಂದಲೇ ತಾನೇ ಎಳೆದದ್ದು. ಅಂದರೆ ಎದುರಿಗೆ ಇದ್ದರೂ ಯಾವ ಕೋಶ ಏನನ್ನು ತೆಗೆದುಕೊಳ್ಳಬೇಕೆಂಬುದು ಆ ಕೋಶದ ಒಳಗಿನ ಎಂಟಾರ್‌ಸಿ1 ಮುಂತಾದ ಸಂಕೇತಗಳ ತೀರ್ಮಾನ. ನನ್ನ ಅಭಿಪ್ರಾಯ ಕೇಳಿದರೆ, ಕೊರತೆಯೂ ಇದೆ, ತಿನ್ನಲಾರದ ಸ್ಥಿತಿಯೂ ಇದೆ. ಗಡ್ಡೆ ಯಾವುದು, ಅದರ ಯಾವ ಮೂಲೆ, ರಕ್ತನಾಳ ಎಷ್ಟು ದೂರ ಎಂಬುದರ ಮೇಲೆ ಪ್ರಮಾಣ ಬದಲಾಗುತ್ತದೆ. ಬಹಳ ಹೊತ್ತು ಗಡ್ಡೆಯೊಳಗೆ ಇದ್ದ ಟಿ ಕೋಶದ ಮೈಟೊಕಾಂಡ್ರಿಯಾವೇ ಕೆಟ್ಟಿರುತ್ತದೆ. ಅದಕ್ಕೆ ಗ್ಲೂಕೋಸ್ ಸುರಿದು ಪ್ರಯೋಜನ ಕಡಿಮೆ.

ಗ್ಲೂಕೋಸ್ ಒಂದನ್ನೇ ಹಿಡಿದು ಕೂರಬೇಡಿ ಎಂಬುದು ನನ್ನ ಬಿನ್ನಹ. ಗಡ್ಡೆ ಹೊರಹಾಕಿದ ಲ್ಯಾಕ್ಟೇಟ್ ಹೊಡೆಯುವ ಟಿ ಕೋಶಗಳನ್ನು ಕುಗ್ಗಿಸುತ್ತದೆ. ಆದರೆ ರೋಗನಿರೋಧಕ ಪ್ರತಿಕ್ರಿಯೆಯನ್ನು ತಣಿಸುವ ಟ್ರೆಗ್ ಕೋಶಗಳು ಅದನ್ನೇ ಉಂಡು ಬಾಳುತ್ತವೆ. ಪಿಟ್ಸ್‌ಬರ್ಗ್‌ನ ಗ್ರೆಗ್ ಡೆಲ್ಗಾಫ್ ತಂಡ 2021ರಲ್ಲಿ ಇದನ್ನು ತೋರಿಸಿತು. ಅರ್ಜಿನಿನ್ ಎಂಬ ಅಮೈನೋ ಆಮ್ಲ ಇನ್ನೊಂದು. ಗಡ್ಡೆಯ ಮೈಲಾಯ್ಡ್ ಕೋಶಗಳು ಅರ್ಜಿನೇಸ್ ಕಿಣ್ವದಿಂದ ಅದನ್ನು ಒಡೆದುಹಾಕುತ್ತವೆ, ಅದಿಲ್ಲದೆ ಟಿ ಕೋಶ ಒಂದು ಎರಡಾಗಿ ಹೆಚ್ಚುವುದಿಲ್ಲ. 2021ರಲ್ಲೇ ಸ್ವಿಟ್ಜರ್ಲೆಂಡಿನ ಬೆಲಿಂಜೋನಾದ ತಂಡವೊಂದು ಗಡ್ಡೆಯೊಳಗೆ ನೆಲೆಸಿ, ಅಲ್ಲಿ ಕಸವಾಗಿ ಬಿದ್ದಿರುವ ಅಮೋನಿಯಾವನ್ನೇ ಅರ್ಜಿನಿನ್ ಮಾಡಿಕೊಡುವ ಬ್ಯಾಕ್ಟೀರಿಯಾ ರೂಪಿಸಿತು. ಇಲಿಗಳಲ್ಲಿ ಅದು ಪಿಡಿ-1 ಮಾದರಿಯ ಔಷಧಿಯ ಜೊತೆ ಸೇರಿ ಚೆನ್ನಾಗಿ ಕೆಲಸ ಮಾಡಿತು. ಊಟದ ತಟ್ಟೆಯಿಂದ ತಲುಪಿಸಲಾಗದ್ದನ್ನು ಗಡ್ಡೆಯೊಳಗೇ ತಯಾರಿಸುವ ಆ ಯೋಚನೆ ನನಗೆ ಬಹಳ ಇಷ್ಟ.

ಇಲಿಯಲ್ಲಿ ಚೆನ್ನಾಗಿದ್ದದ್ದು ಮನುಷ್ಯರಲ್ಲಿ ನಿಲ್ಲದೆಯೂ ಹೋಗುತ್ತದೆ, ಇದನ್ನೂ ಬರೆದುಕೊಳ್ಳಿ. ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಒಡೆಯುವ ಐಡಿಒ ಕಿಣ್ವವನ್ನು ತಡೆಯುವ ಎಪಕಾಡೊಸ್ಟಾಟ್ ಔಷಧಿಯ ಮೇಲೆ ಎಲ್ಲರಿಗೂ ದೊಡ್ಡ ಆಸೆ ಇತ್ತು. ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳ ಮೂರನೇ ಹಂತದ ಪ್ರಯೋಗದಲ್ಲಿ ಪಿಡಿ-1 ತಡೆಯುವ ಪೆಂಬ್ರೊಲಿಜುಮ್ಯಾಬ್ ಜೊತೆ ಅದನ್ನು ಸೇರಿಸಿದ್ದರಿಂದ ಏನೂ ಹೆಚ್ಚುವರಿ ಲಾಭವಾಗಲಿಲ್ಲ ಎಂದು 2018ರಲ್ಲಿ ಗೊತ್ತಾಯಿತು. ವಾಟ್ಸಾಪ್ ವಿಡಿಯೋಗಳ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ವರ್ಷಗಟ್ಟಲೆ ದುಡಿದು ರೂಪಿಸಿದ ಔಷಧಿಯೇ ಸೋತಿರುವ ಕಡೆ, ಹಸಿದ ರೋಗಿಯ ಬಾಯಿಂದ ಬಾಳೆಹಣ್ಣು ಕಿತ್ತುಕೊಂಡು ಗೆಲ್ಲುತ್ತೇವೆ ಎನ್ನುತ್ತಾರೆ.

---

ಮಲಪ್ರಭಾ ದಂಡಿ

ತುಂಗಾತೀರ ಅವರ, ನಮ್ಮ ಅವ್ವಗೂ ಹಿಂಗ ಮಾಡಿದ್ರು ರೀ. ಸಕ್ಕರಿ ಬಿಡಸ್ರಿ, ಜ್ವಾಳದ ರೊಟ್ಟಿ ಬಿಡಸ್ರಿ ಅಂತ ಒಬ್ಬಾಂವ ಪ್ಯಾಕೇಜ್ ಮಾಡಿ ರೊಕ್ಕ ತೊಗೊಂಡ. ಎದ್ದು ಕೂಡಾಕ ಶಕ್ತಿ ಇಲ್ಲದಂಗ ಆತು, ರಕ್ತ ಕಡಿಮಿ ಆಗಿ ಕೀಮೋ ಮುಂದ ಹಾಕಿದ್ರು. ಆಮ್ಯಾಲೆ ದವಾಖಾನಿ ಡಯಟಿಶಿಯನ್ ಅಕ್ಕಾರು ಮೂಗಿನ ನಳಿಗಿ ಹಾಕಿಸಿ ಉಣಿಸಿದ ಮ್ಯಾಲ ಚೇತರಿಸಿಕೊಂಡ್ಲು. ನಳಿಗಿ ಅಂದ್ರ ಹೆದರಬ್ಯಾಡ್ರಿ. ನಿಮ್ಮ ಚಿಕ್ಕಪ್ಪಾರನ್ನ ಒಂದ್ಸಲ ಡಾಕ್ಟರ್ ಮುಂದ ಕರಕೊಂಡು ಹೋಗಿ ಕೂಡಸ್ರಿ. ಮನ್ಯಾಗಿನ ವಾದ ಅಲ್ಲೇ ಮುಗೀತದ.

---

ಪಥ್ಯದ ಅಡುಗೆಮನೆ

ನಾನು ಕ್ಯಾನ್ಸರ್ ವಾರ್ಡಿನ ಡಯಟಿಶಿಯನ್. ಮೇಲೆ ಹೇಳಿದ ವಿಜ್ಞಾನಕ್ಕೆ ಅಡುಗೆಮನೆಯ ಲೆಕ್ಕ ಸೇರಿಸುತ್ತೇನೆ.

ನಾವು ಅನುಸರಿಸುವ ಯುರೋಪಿನ ಪೋಷಣಾ ತಜ್ಞರ ಸಂಘವಾದ ಎಸ್ಪೆನ್‌ನ ಮಾರ್ಗಸೂಚಿ ಪ್ರಕಾರ ದಿನಕ್ಕೆ ದೇಹತೂಕದ ಪ್ರತಿ ಕೆಜಿಗೆ 25ರಿಂದ 30 ಕ್ಯಾಲೊರಿ, ಪ್ರೋಟೀನು 1 ಗ್ರಾಂಗಿಂತ ಹೆಚ್ಚು, ಆದರೆ 1.5 ಗ್ರಾಂವರೆಗೆ. 52 ಕೆಜಿಗೆ 1300ರಿಂದ 1560 ಕ್ಯಾಲೊರಿ, 52ರಿಂದ 78 ಗ್ರಾಂ ಪ್ರೋಟೀನು. ಕಾಳು ನೆನೆಸಿದ ನೀರಿನಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ, ಪ್ರೋಟೀನು ಉಳಿಯುವುದು ಕಾಳಿನಲ್ಲಿ. ಒಂದು ಮೊಟ್ಟೆಗೆ 6 ಗ್ರಾಂ, ಒಂದು ಲೋಟ ಹಾಲಿಗೆ 6ರಿಂದ 7 ಗ್ರಾಂ, 30 ಗ್ರಾಂ ಹೆಸರುಬೇಳೆಗೆ 7 ಗ್ರಾಂ ಎಂದು ಹಿಡಿಯಿರಿ.

ಬಾಯಿ ತೆರೆಯದವರಿಗೆ ಹೀಗೆ ಮಾಡಿ: ಕುಚ್ಚಲಕ್ಕಿಯ ಜೊತೆ ಹೆಸರುಬೇಳೆ ಹಾಕಿ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಎರಡು ಚಮಚ ತುಪ್ಪ ಬೆರೆಸಿ. ಉಗುರುಬೆಚ್ಚಗೆ ಕೊಡಿ, ಹುಣ್ಣಿಗೆ ಬಿಸಿ ಆಗದು. ಖಾರ, ಹುಳಿ, ಉಪ್ಪಿನಕಾಯಿ ಸದ್ಯಕ್ಕೆ ಬೇಡ. ರಾಗಿ ಅಂಬಲಿಗೆ ಹಾಲು ಸೇರಿಸಿ, ಮೊಟ್ಟೆ ತಿನ್ನುವವರಾದರೆ ಪೂರ್ತಿ ಬೆಂದ ಮೊಟ್ಟೆಯನ್ನು ಸಾರಿನಲ್ಲಿ ಅರೆದು ಕೊಡಿ. ಮೂರು ಹೊತ್ತು ಎಂದು ಕಾಯದೆ ಎರಡು ಗಂಟೆಗೊಮ್ಮೆ ಅರ್ಧ ಲೋಟ. ಬಾಯಿ ತೆರೆಯುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕೇಳಿ ಕಲಿಯಿರಿ.

ಎರಡು ಎಚ್ಚರಿಕೆ. ಎರ್ಲೊಟಿನಿಬ್ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವ ಮಾತ್ರೆ, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಎರಡು ಗಂಟೆಗೊಮ್ಮೆ ಉಣಿಸುವಾಗ ಇದಕ್ಕೆ ಜಾಗ ಬಿಡಬೇಕು, ಬೆಳಗ್ಗೆ ಎದ್ದ ಕೂಡಲೇ ಕೊಟ್ಟರೆ ಸುಲಭ. ಇನ್ನೊಂದು, ಮೆಥೋಟ್ರೆಕ್ಸೇಟ್ ಫೋಲೇಟ್ ವಿಟಮಿನ್‌ಗೆ (ಇದರದ್ದೇ ಇನ್ನೊಂದು ರೂಪ ಫೋಲಿಕ್ ಆಮ್ಲ) ವಿರುದ್ಧವಾಗಿ ಕೆಲಸ ಮಾಡುವ ಔಷಧಿ. ಫೋಲಿಕ್ ಆಮ್ಲ ಇರುವ ಟಾನಿಕ್, ಮಲ್ಟಿವಿಟಮಿನ್ ಡಾಕ್ಟರಿಗೆ ಹೇಳದೆ ಶುರು ಮಾಡಬೇಡಿ.

ಯಾರಾದರೂ ನಾರಿನಂಶದ ಬಗ್ಗೆ ಕೇಳಿಯೇ ಕೇಳುತ್ತಾರೆ. 2021ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯಿಂದ ಬಂದ ಅಧ್ಯಯನದಲ್ಲಿ ಇಮ್ಯುನೊಥೆರಪಿ ಪಡೆಯುತ್ತಿದ್ದ ಮೆಲನೋಮಾ ರೋಗಿಗಳ ಪೈಕಿ ದಿನಕ್ಕೆ ಕನಿಷ್ಠ 20 ಗ್ರಾಂ ನಾರು ತಿನ್ನುತ್ತಿದ್ದವರ ರೋಗ ಹೆಚ್ಚು ಕಾಲ ಹತೋಟಿಯಲ್ಲಿತ್ತು. ಅಂಗಡಿಯ ಪ್ರೊಬಯೋಟಿಕ್ ಮಾತ್ರೆಯಿಂದ ಅಂಥ ಲಾಭ ಕಾಣಲಿಲ್ಲ, ಇಲಿಗಳಲ್ಲಿ ಚಿಕಿತ್ಸೆಯ ಫಲವೇ ಕುಗ್ಗಿತು. ಆದರೆ ಅದು ಬೇರೆ ಕ್ಯಾನ್ಸರ್, ನುಂಗಲು ತೊಂದರೆ ಇಲ್ಲದವರ ಮಾತು. ಎರ್ಲೊಟಿನಿಬ್‌ಗೆ ಭೇದಿ ಆಗುವುದು ಸಾಮಾನ್ಯ. ಭೇದಿ ಇದ್ದ ದಿನ ಸೊಪ್ಪಿನ ರಸ ನಿಲ್ಲಿಸಿ, ಗಂಜಿ ಮಜ್ಜಿಗೆ ಕೊಡಿ. ಮೊದಲು ತೂಕ ನಿಲ್ಲಲಿ, ನಾರನ್ನು ಆಮೇಲೆ ನೋಡೋಣ.

---

ತುಂಗಾತೀರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಮಧ್ಯಾಹ್ನ ಬೇಳೆ ಹಾಕಿದ ಗಂಜಿ ಮಾಡಿದರು, ಅಪ್ಪ ಒಂದು ಲೋಟ ಪೂರ್ತಿ ಕುಡಿದರು. ಚಿಕ್ಕಪ್ಪನನ್ನು ಮುಂದಿನ ಡೋಸಿಗೆ ಜೊತೆಯಲ್ಲೇ ಕರೆದುಕೊಂಡು ಹೋಗುತ್ತೇನೆ. ಅವರಿಗೂ ಅಣ್ಣನ ಮೇಲಿನ ಪ್ರೀತಿಯೇ ಹೀಗೆ ಮಾಡಿಸುತ್ತಿರುವುದು.

ಇನ್ನೆರಡು ಸಂಶಯ. 20 ಮಿಲಿಗ್ರಾಂ ತೀರಾ ಕಡಿಮೆ ಡೋಸ್, ಬಡವರಿಗೆ ಕೊಡುವ ಅರೆಬರೆ ಚಿಕಿತ್ಸೆ ಎಂದು ಒಬ್ಬರು ಅಂದರು. ಮತ್ತೆ, ಪೆಟ್ ಸ್ಕ್ಯಾನಿಗೆ ಮುಂಚೆ ಉಪವಾಸ ಇರಿಸುತ್ತಾರಲ್ಲ, ಅದು ಅಪ್ಪನಿಗೆ ತೊಂದರೆಯೇ?

---

ಟಿಕೋಶದ ಬೆನ್ನುಹತ್ತಿ

ಅರೆಬರೆ ಅನ್ನುವುದು ತಪ್ಪು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ನಿಮ್ಮ ಅಪ್ಪನಿಗೆ ಕೊಡುತ್ತಿರುವ ಇದೇ ಮೂರು ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ನಿವೊಲುಮ್ಯಾಬ್ 20 ಮಿಲಿಗ್ರಾಂ ಸೇರಿಸಿ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಮರಳಿದ ಅಥವಾ ಮುಂದುವರಿದ 151 ರೋಗಿಗಳಲ್ಲಿ ಪ್ರಯೋಗ ಮಾಡಿದ್ದಾರೆ. ಮಾತ್ರೆ ಮಾತ್ರ ಪಡೆದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ಶೇ. 16.3, ಇಂಜೆಕ್ಷನ್ ಸೇರಿಸಿದವರಲ್ಲಿ ಶೇ. 43.4. ಪಿಡಿ-1 ಬ್ರೇಕನ್ನು ಮುಚ್ಚಲು ಔಷಧಿ ಬಹಳ ಬೇಕಾಗುವುದಿಲ್ಲ ಎಂಬ ತಿಳಿವಳಿಕೆಯ ಮೇಲೆ ನಿಂತ ಡೋಸ್ ಅದು. ನಮ್ಮ ದೇಶದ ರೋಗಿಗಳಲ್ಲೇ ಅಳೆದ ಲೆಕ್ಕ. ನಿಮ್ಮ ಅಪ್ಪನಿಗೆ ಹೇಗೆ ಒಗ್ಗುತ್ತದೆ ಎಂಬುದನ್ನು ಸ್ಕ್ಯಾನ್ ನೋಡಿ ಡಾಕ್ಟರೇ ಹೇಳಬೇಕು.

ಪೆಟ್ ಸ್ಕ್ಯಾನಿಗೆ ನಾಲ್ಕರಿಂದ ಆರು ಗಂಟೆ ಏನೂ ತಿನ್ನಬೇಡಿ ಎನ್ನುತ್ತಾರೆ. ಊಟವಾದ ಮೇಲೆ ಇನ್ಸುಲಿನ್ ಏರಿ ಎಫ್‌ಡಿಜಿ ಸ್ನಾಯುಗಳಿಗೆ ಹೋಗಿಬಿಟ್ಟರೆ ಚಿತ್ರ ಮಸುಕಾಗುತ್ತದೆ, ಅದಕ್ಕೆ. ಅಷ್ಟು ಹೊತ್ತಿನಿಂದ ತೊಂದರೆ ಇಲ್ಲ. ಬೆಳಗಿನ ಮೊದಲ ಸ್ಲಾಟ್ ಕೇಳಿ, ಹಿಂದಿನ ರಾತ್ರಿ ಮಲಗುವ ಮುಂಚೆ ಗಂಜಿ ಕೊಡಿ, ನೀರು ಕುಡಿಸುತ್ತಿರಿ. ಸ್ಕ್ಯಾನ್ ಮುಗಿದ ಕೂಡಲೇ ಉಣಿಸಲು ಫ್ಲಾಸ್ಕಿನಲ್ಲಿ ರುಬ್ಬಿದ ಗಂಜಿ ತೆಗೆದುಕೊಂಡು ಹೋಗಿ. ಇತ್ತೀಚೆಗೆ ಜ್ವರ, ಹಲ್ಲಿನ ಸೋಂಕು, ಗಾಯ ಏನಾದರೂ ಆಗಿದ್ದರೆ ಸ್ಕ್ಯಾನ್ ಮಾಡುವವರಿಗೆ ಮೊದಲೇ ತಿಳಿಸಿ, ಅಲ್ಲೂ ಹೊಳಪು ಕಾಣಬಹುದು.